ಮೂಲೆಯ ಮೇಜು

"ಬುದ್ಧಿ, ಮುಂದಿನ ತಿಂಗಳು ಮಗಳ ಮದುವೆ. ನಮ್ಮಣ್ಣನನ್ನು ಎಲ್ಲಿ ಕೂರಿಸಲಿ?" ಎಂದು ಗುರುಮಲ್ಲಪ್ಪ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಆ ಕಡೆಯ ಭಕ್ತರೆಲ್ಲ ಬುದ್ಧಿ ಎಂದೇ ಕರೆಯುತ್ತಾರೆ. ಗುರುಮಲ್ಲಪ್ಪ ಅವರ ಹಳೆಯ ಶಿಷ್ಯ. ಅವನ ಅಣ್ಣನಿಗೆ ಹುಟ್ಟಿದಾಗಿನಿಂದ ಮಾತು ಸರಿಯಾಗಿ ಬರುವುದಿಲ್ಲ. ಕತ್ತು ಒಂದು ಕಡೆಗೆ ವಾಲಿರುತ್ತದೆ. ಯಾರೂ ನಗಿಸದಿದ್ದರೂ ನಗುತ್ತಾನೆ.

"ಪಂಕ್ತಿಯಲ್ಲಿ ಎಲ್ಲರ ನಡುವೆ ಕೂರಿಸಿದರೆ ಜನ ನೋಡುತ್ತಾರೆ. ಅವನಿಗೆ ನೋವಾಗುತ್ತದೆ. ಒಳಗಿನ ಕೋಣೆಯಲ್ಲಿ ಎಲೆ ಹಾಕಿಸಿ ಬಾಗಿಲು ಮುಂದೆ ಮಾಡಿದರೆ ಅವನ ಪಾಡಿಗೆ ಅವನು ಉಣ್ಣುತ್ತಾನೆ. ಅವನ ಒಳ್ಳೆಯದಕ್ಕೆ ಯಾವುದು ಸರಿ ಬುದ್ಧಿ?"

ಬುದ್ಧಿಯವರು ಇದು ಸರಿ ಎನ್ನಲಿಲ್ಲ, ಅದು ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೇಳೆ ವ್ಯಾಪಾರಿ ಇದ್ದ. ಒಬ್ಬನೇ ಕೂತು ಉಂಡವನಲ್ಲ. ಮಧ್ಯಾಹ್ನ ಅಂಗಡಿಗೆ ಬಂದವರನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಅವನ ಹೆಂಡತಿಯ ಹೆಸರು ಸರ್ವಮಂಗಳ. ಅಚ್ಚುಕಟ್ಟಿನ ಹೆಂಗಸು. ಬಡಿಸುವಾಗ ಎಲೆಯಿಂದಾಚೆ ಒಂದು ಅಗುಳು ಬೀಳಗೊಡುತ್ತಿರಲಿಲ್ಲ.

ವ್ಯಾಪಾರಿಗೆ ಸಮುದ್ರದ ಮೇಲೆ ಹೋಗಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ದ್ವೀಪಗಳನ್ನು ಸುತ್ತಿಸಿಕೊಂಡು ಬರುವ ದೊಡ್ಡ ಹಡಗೊಂದಕ್ಕೆ ಇಬ್ಬರಿಗೂ ಟಿಕೆಟ್ ತೆಗೆಸಿದ. ಹೊರಡುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಕೋಲು ಹಿಡಿದು ನಡೆಯುವಷ್ಟಾದ. ಬಲಗೈ ಮಾತ್ರ ಹೇಳಿದಂತೆ ಕೇಳಲಿಲ್ಲ. ತುಟಿಯ ಒಂದು ಕೊನೆ ಜಾರಿತು. ಮಾತಿನಲ್ಲಿ ಬೇಕು, ಬೇಡ, ಹಾಕಿ, ಸಾಕು, ಇಂಥ ನಾಲ್ಕಾರು ಪದ ಉಳಿದವು.

ಪ್ರಯಾಣ ಬಿಟ್ಟುಬಿಡೋಣ ಎಂದಳು ಸರ್ವಮಂಗಳ. ಅವನು "ಬೇಡ" ಎಂದ. ಬಿಡುವುದು ಬೇಡ ಎಂದು ಅರ್ಥ. ಡಾಕ್ಟರೂ ಹೋಗಿಬನ್ನಿ ಎಂದರು. ಹೊರಟರು.

ಆ ಹಡಗಿನಲ್ಲಿ ಊಟಕ್ಕೆ ಹಲವು ಏರ್ಪಾಟು. ಕೆಳಗಿನ ಮಹಡಿಯಲ್ಲಿ ಒಂದು ದೊಡ್ಡ ಊಟದ ಹಾಲ್. ಅಲ್ಲಿ ಪ್ರತಿಯೊಬ್ಬರಿಗೂ ಮೊದಲೇ ಒಂದು ಮೇಜು ಗೊತ್ತುಮಾಡಿರುತ್ತಾರೆ. ಯಾತ್ರೆ ಮುಗಿಯುವವರೆಗೆ ಅದೇ ಮೇಜು, ಅದೇ ಜೊತೆಗಾರರು. ಅದು ಬೇಡವಾದವರಿಗೆ ಮೇಲಿನ ಮಹಡಿಗಳಲ್ಲಿ ಸಣ್ಣ ಸಣ್ಣ ಕೋಣೆಗಳು. ಅವುಗಳಲ್ಲಿ ಇಬ್ಬರೇ ಕೂರುವ ಮೇಜುಗಳಿದ್ದವು. ಆದರೆ ರಾತ್ರಿಯ ಊಟಕ್ಕೆ ಅದೇ ದಿನ ಬೆಳಿಗ್ಗೆ ಕೌಂಟರಿಗೆ ಹೋಗಿ ಹೆಸರು ಹೇಳಿ ಬರಬೇಕು. ತಡವಾದರೆ ಜಾಗ ಸಿಗುವುದಿಲ್ಲ.

ಮೊದಲ ಸಂಜೆ ಅವರು ದೊಡ್ಡ ಹಾಲಿಗೆ ಹೋದರು. ಗುಂಡುಮೇಜಿನ ಸುತ್ತ ಎಂಟು ಜನ. ಪಕ್ಕದಲ್ಲಿ ಬಳ್ಳಾರಿ ಕಡೆಯ ಹಂಪಮ್ಮ ಎಂಬ ಮುದುಕಿ. ಆಕೆಗೆ ಕೂತ ಗಳಿಗೆಯಿಂದ ಮಾತೇ ಮಾತು. ಸೂಪು ಬಂತು. ವ್ಯಾಪಾರಿ ಎಡಗೈಯಲ್ಲಿ ಚಮಚ ಎತ್ತಿದ. ಅರ್ಧ ಬಾಯಿಗೆ ಹೋಯಿತು, ಅರ್ಧ ಗಲ್ಲದ ಮೇಲಿಂದ ಇಳಿದು ಅಂಗಿಗೆ ಬಿತ್ತು. ಮುಂದಿನ ಮೇಜಿನ ಒಂದು ಮಗು ಕಣ್ಣು ಬಿಟ್ಟುಕೊಂಡು ನೋಡಿತು. ಅದರ ತಾಯಿ ಮಗುವಿನ ಮುಖವನ್ನು ಹಿಡಿದು ಆಚೆಗೆ ತಿರುಗಿಸಿದಳು.

ಸರ್ವಮಂಗಳಳಿಗೆ ಕಿವಿಯವರೆಗೆ ಬಿಸಿಯೇರಿತು. ಗಂಡನ ಗಲ್ಲ ಒರೆಸಿದಳು. ಮತ್ತೆ ಒರೆಸಿದಳು. ಸೂಪಿನ ನಂತರದ ಊಟ ಬರುವ ಮೊದಲೇ, "ಇವರಿಗೆ ಆಯಾಸವಾಗಿದೆ" ಎಂದು ಯಾರಿಗೋ ಹೇಳಿದಂತೆ ಹೇಳಿ ಅವನನ್ನು ಎಬ್ಬಿಸಿಕೊಂಡು ಹೋದಳು. ಅವನು ತಿರುಗಿ ಮೇಜಿನ ಕಡೆ ನೋಡಿದ. ಆಕೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಕೌಂಟರು ತೆರೆಯುವ ಮೊದಲೇ ಆಕೆ ಅಲ್ಲಿ ನಿಂತಿದ್ದಳು. ಅಲ್ಲಿಂದ ಆಕೆಯ ನೆಮ್ಮದಿ ಹೋಯಿತು. ಯಾವ ಕೋಣೆ ಎಂದು ಕೇಳಿದರೆ ಏನು ಹೇಳಬೇಕು? ಯಾವುದರಲ್ಲಿ ಜನ ಕಡಿಮೆ? ಯಾವ ಹೊತ್ತಿನಲ್ಲಿ ಕಡಿಮೆ? ಮೇಜುಗಳ ನಡುವೆ ಎಷ್ಟು ಜಾಗ? ಬಾಗಿಲಿನಿಂದ ಮೂಲೆಗೆ ಹೋಗಲು ಎಷ್ಟು ಜನರನ್ನು ದಾಟಬೇಕು? ಕೌಂಟರಿನಲ್ಲಿದ್ದವನು ಅಡುಗೆಯ ವಿಷಯ ಹೇಳಹೋದ. ಇಲ್ಲಿ ಇಂಥದ್ದು ರುಚಿ, ಅಲ್ಲಿ ಇಂಥದ್ದು ರುಚಿ ಎಂದ. ಆಕೆಗೆ ಅದು ಕಿವಿಗೆ ಬೀಳಲಿಲ್ಲ.

ಆ ದಿನದ ಕೋಣೆಯಲ್ಲಿ ಗೋಡೆಗೆಲ್ಲ ಕನ್ನಡಿ. ಗಂಡನ ಬಾಯಿ ನಾಲ್ಕೂ ಕಡೆ ಕಂಡಿತು. ಆಕೆಗೆ ತುತ್ತು ಇಳಿಯಲಿಲ್ಲ. ಇನ್ನೊಂದು ದಿನ ದೀಪ ಮಂಕಾಗಿರುವ ಕೋಣೆಯನ್ನು ಹಿಡಿದಳು. ಯಾರಿಗೂ ಇವನು ಕಾಣಲಿಲ್ಲ. ಇವನಿಗೂ ತನ್ನ ತಟ್ಟೆ ಕಾಣಲಿಲ್ಲ. ಪಲ್ಯ ಎಂದು ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡ. ಕೊನೆಗೆ ಹಡಗಿನ ಹಿಂಭಾಗದ ಒಂದು ಕೋಣೆ ಆಕೆಗೆ ಒಪ್ಪಿಗೆಯಾಯಿತು. ಅಲ್ಲೊಂದು ಮೂಲೆಯ ಮೇಜು. ಸಂಜೆ ಇನ್ನೂ ಬೆಳಕಿರುವಾಗಲೇ, ಯಾರೂ ಬರದ ಹೊತ್ತಿಗೆ ಹೋಗಿ ಕೂತುಬಿಡುವುದು. ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸುವುದು. ಬೇರೆಯವರು ಬರುವಷ್ಟರಲ್ಲಿ ಎದ್ದುಬಿಡುವುದು.

ದಿನವೂ ಹೀಗೇ ನಡೆಯಿತು. ಹಗಲೆಲ್ಲ ಆಕೆಗೆ ಇದೇ ಚಿಂತೆ. ಜನರೆಲ್ಲ ದ್ವೀಪ ಬಂತೆಂದು ಡೆಕ್ಕಿಗೆ ಓಡಿದರು. ಆಕೆ ಕ್ಯಾಬಿನ್ನಿನಲ್ಲೇ ಇದ್ದಳು. ಆ ಮೇಜನ್ನು ಬೇರೆ ಯಾರಿಗಾದರೂ ಕೊಟ್ಟುಬಿಟ್ಟರೆ ಎಂದು ಮಧ್ಯಾಹ್ನ ಮತ್ತೊಮ್ಮೆ ಕೌಂಟರಿಗೆ ಹೋಗಿ ಕೇಳಿಬರುತ್ತಿದ್ದಳು.

ಇತ್ತ ವ್ಯಾಪಾರಿ ಉಣ್ಣುವುದು ಕಡಿಮೆಯಾಯಿತು. ಎರಡು ತುತ್ತಿಗೇ "ಸಾಕು" ಎನ್ನತೊಡಗಿದ. ಸಮುದ್ರದ ಗಾಳಿ ಹಿಡಿಸಿಲ್ಲ ಎಂದುಕೊಂಡಳು ಆಕೆ. ಒಂದು ಸಲ ಅವನು ಚಮಚ ಕೆಳಗಿಟ್ಟು, ಬಹಳ ಹೊತ್ತು ಬಾಯಿ ಹೊರಳಿಸಿ, "ಜನ" ಎಂದ.

"ಇಲ್ಲ, ಯಾರೂ ಇಲ್ಲ. ಹೆದರಬೇಡಿ" ಎಂದಳು.

ಯಾತ್ರೆ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಗಾಳಿ ಎದ್ದಿತು. ಹಡಗು ತೂಗತೊಡಗಿತು. ಹಿಂಭಾಗದ ಕೋಣೆಗಳನ್ನೆಲ್ಲ ಮುಚ್ಚಿದ್ದೇವೆ, ಇವತ್ತು ಎಲ್ಲರೂ ದೊಡ್ಡ ಹಾಲಿಗೆ ಬರಬೇಕು ಎಂದು ಹೇಳಿಕಳಿಸಿದರು. ಸರ್ವಮಂಗಳ ಕೌಂಟರಿಗೆ ಹೋಗಿ ಬೇಡಿಕೊಂಡಳು. ನಮ್ಮ ಕೈಯಲ್ಲಿ ಇಲ್ಲ ಎಂದರು. ಹಾಗಾದರೆ ಕ್ಯಾಬಿನ್ನಿಗೇ ತಟ್ಟೆ ಒಯ್ಯುತ್ತೇನೆ ಎಂದು ಗಂಡನನ್ನು ಮಂಚದ ಮೇಲೆ ಕೂರಿಸಿ, ಅಲುಗಾಡಬೇಡಿ ಎಂದು ಹೇಳಿ, ಗೋಡೆ ಹಿಡಿದುಕೊಂಡು ಹೋದಳು. ಅಡುಗೆಮನೆಯಿಂದ ಮೊಸರನ್ನದ ತಟ್ಟೆಯೊಂದಿಗೆ ವಾಪಸು ಬಂದಳು.

ಮಂಚದ ಮೇಲೆ ಅವನಿರಲಿಲ್ಲ. ಕೋಲೂ ಇರಲಿಲ್ಲ.

ಬಚ್ಚಲು ನೋಡಿದಳು. ಓಣಿಯಂಥ ದಾರಿಯ ಆ ಕೊನೆಯವರೆಗೆ ಹೋಗಿಬಂದಳು. ಆಮೇಲೆ ಮೆಟ್ಟಿಲು ಹತ್ತಿ ಡೆಕ್ಕಿಗೆ ಓಡಿದಳು. ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತಿತ್ತು. ಕಂಬಿ ಹಿಡಿದು ನೀರನ್ನು ನೋಡಿದಳು. ನೋಡಲಾರದೆ ಹಿಂದಕ್ಕೆ ಸರಿದಳು. ಮತ್ತೆ ನೋಡಿದಳು. ಒಂದು ಕಾಲು ಸರಿಯಿಲ್ಲದವನು. ಹಡಗು ತೂಗುತ್ತಿದೆ. ಕೂಗೋಣವೆಂದರೆ ಏನೆಂದು ಕೂಗುವುದು? ಅವನ ಹೆಸರನ್ನು ಆಕೆ ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆ ಹೊತ್ತು ಕೂಗಿದಳು. ಗಾಳಿಯಲ್ಲಿ ಅದು ಆಕೆಗೇ ಕೇಳಿಸಲಿಲ್ಲ.

ಸಮವಸ್ತ್ರದವನೊಬ್ಬ ಆಕೆಯನ್ನು ಡೆಕ್ಕಿನಿಂದ ಒಳಗೆ ಕರೆದುಕೊಂಡು ಬಂದ. "ಎಲ್ಲರೂ ಊಟಕ್ಕೆ ಕೆಳಗಿದ್ದಾರಮ್ಮ. ಅಲ್ಲಿ ನೋಡಿದಿರಾ?" ಎಂದ.

ಅಲ್ಲಿ ಮಾತ್ರ ಆಕೆ ನೋಡಿರಲಿಲ್ಲ.

ದೊಡ್ಡ ಹಾಲಿನ ಬಾಗಿಲಿಗೆ ಬಂದು ನಿಂತಳು. ಅವನು ಅದೇ ಗುಂಡುಮೇಜಿನಲ್ಲಿ ಕೂತಿದ್ದ. ಅಂಗಿಯ ಮೇಲೆ ಸಾರು ಬಿದ್ದಿತ್ತು. ಗಲ್ಲಕ್ಕೆ ಅನ್ನ ಅಂಟಿತ್ತು. ಹಂಪಮ್ಮ ಏನೋ ಹೇಳುತ್ತಿದ್ದಳು. ಅವನು ಜಾರಿದ ತುಟಿಯಲ್ಲೇ ನಗುತ್ತಿದ್ದ. ಬಡಿಸುವವನು ಬಂದರೆ ಹಂಪಮ್ಮನ ತಟ್ಟೆ ತೋರಿಸಿ, "ಹಾಕಿ, ಹಾಕಿ" ಎನ್ನುತ್ತಿದ್ದ. ಹಂಪಮ್ಮ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕ್ರೀ ಯಜಮಾನ್ರ, ಹೊಟ್ಟಿ ಒಡೀತೈತಿ" ಎಂದು ಕೂಗುತ್ತಿದ್ದಳು. ಮೇಜಿನವರು ನಗುತ್ತಿದ್ದರು.

ನೋಡುವವರು ಅಂದೂ ಇದ್ದರು. ಆಚೆಯ ಮೇಜಿನ ಒಬ್ಬ ಗಂಡಸು ಇವನನ್ನು ನೋಡಿ, ಮುಖ ಸಿಂಡರಿಸಿ, ತನ್ನ ಕುರ್ಚಿಯನ್ನು ತಿರುಗಿಸಿಕೊಂಡ. ವ್ಯಾಪಾರಿ ಅದನ್ನು ಕಂಡ. ಸರ್ವಮಂಗಳ ಬಾಗಿಲಿನಿಂದಲೇ ಗಮನಿಸಿದಳು, ಅವನು ಕಂಡದ್ದು ನಿಜ. ಕಂಡು, ಮುಂದಿನ ತುತ್ತಿಗೆ ಚಮಚ ಎತ್ತಿದ.

ಅವನು ಬದುಕಿದ್ದಾನೆಂಬ ಸಮಾಧಾನ ಮೊದಲು ಬರಬೇಕಿತ್ತು. ಆಕೆಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಕಾಪಾಡಿಕೊಂಡು ಬಂದದ್ದೆಲ್ಲ ಒಂದು ಗಳಿಗೆಯಲ್ಲಿ ಹೋಯಿತಲ್ಲ ಎಂಬ ಸಿಟ್ಟು. ಬಿರುಸಾಗಿ ನಡೆದು ಹೋಗಿ ಅವನ ರಟ್ಟೆ ಹಿಡಿದಳು.

"ಏಳಿ. ಹೋಗೋಣ."

ಅವನು ಏಳಲಿಲ್ಲ. ಮುಖವೆತ್ತಿ ಆಕೆಯನ್ನು ನೋಡಿದ. ಆಕೆಯ ಕೂದಲು ಕೆದರಿತ್ತು. ಸೆರಗು ಒದ್ದೆಯಾಗಿತ್ತು. ಅವನ ನಗು ನಿಂತಿತು. ಬಾಯಿ ಹೊರಳಿಸಿದ. ಬಹಳ ಹೊತ್ತು ಹೊರಳಿಸಿದ. ಮೇಜಿನವರೆಲ್ಲ ಸುಮ್ಮನೆ ಕಾದರು. ಲಕ್ವ ಹೊಡೆದ ಮೇಲೆ ಆಡದಿದ್ದ ಮಾತೊಂದು ಹೊರಗೆ ಬಂತು.

"ಕೂತ್ಕೋ" ಎಂದ.

ಹಂಪಮ್ಮ ಪಕ್ಕದ ಕುರ್ಚಿ ಎಳೆದಳು. "ಕುಂದರ್ರಿ ತಾಯಿ. ನಿಮ್ಮ ಜಾಗ ಹಂಗ ಐತಿ. ಇಷ್ಟು ದಿನ ಎಲ್ಲಿ ಹೋಗಿದ್ರಿ?"

ಸರ್ವಮಂಗಳ ಅವನ ರಟ್ಟೆ ಬಿಟ್ಟಳು. ಕೂತಳು. ತಟ್ಟೆ ಬಂತು. ಹಡಗು ಒಮ್ಮೆ ವಾಲಿತು. ಆಕೆ ಎತ್ತಿದ್ದ ಚಮಚದ ಸಾರು ಬಿಳಿಯ ಬಟ್ಟೆಯ ಮೇಲೆ ಚೆಲ್ಲಿತು. ಒರೆಸಲು ಕೈ ಹೋಯಿತು, ಅರ್ಧದಲ್ಲೇ ನಿಂತಿತು. ವ್ಯಾಪಾರಿ ಬಡಿಸುವವನನ್ನು ಕರೆದು ಹೆಂಡತಿಯ ತಟ್ಟೆ ತೋರಿಸಿದ. "ಹಾಕಿ" ಎಂದ. ಆಕೆ ತಲೆ ಬಗ್ಗಿಸಿಕೊಂಡು ಉಂಡಳು. ಹಡಗು ಹತ್ತಿದ ಮೇಲೆ ಆಕೆ ಹೊಟ್ಟೆ ತುಂಬ ಉಂಡದ್ದು ಅಂದೇ.

ಬುದ್ಧಿಯವರು ಕತೆ ನಿಲ್ಲಿಸಿದರು.

ಗುರುಮಲ್ಲಪ್ಪನಿಗೆ ಸಮಾಧಾನವಾಗಲಿಲ್ಲ. ಹೆಗಲ ವಸ್ತ್ರದ ಅಂಚನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದ. "ಅದು ಗೊತ್ತಿಲ್ಲದ ಜನ ಬುದ್ಧಿ. ಹಡಗಿನಿಂದ ಇಳಿದರೆ ಮುಗಿಯಿತು. ನನ್ನ ಮನೆಗೆ ಬರುವವರು ಬೀಗರು. ಬೀಗರು ನಮ್ಮಣ್ಣನ ಮುಖ ನೋಡಲಾರದೆ ಎದ್ದುಹೋದರೆ?"

"ಬೀಗರ ಮಾತು ಇರಲಿ ಗುರುಮಲ್ಲಪ್ಪ," ಎಂದರು ಬುದ್ಧಿಯವರು, "ನೀನು ನಿಮ್ಮಣ್ಣನ ಮುಖ ನೋಡಿ ಎಷ್ಟು ಕಾಲವಾಯಿತು?"