ಗುಳಿಗೆಯ ಸೇವೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಗುರುಲಿಂಗಜ್ಜ ಇದ್ದರು. ವಯಸ್ಸು ಎಂಬತ್ತು. ಅವರು ಆಸೆ ಬಿಟ್ಟಿದ್ದರು, ಸಿಟ್ಟು ಬಿಟ್ಟಿದ್ದರು. ಬಿಪಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಅಜ್ಜನಿಗೆ ದಿನಾ ಗುಳಿಗೆ ಕೊಡುವ ಸೇವೆ ಶಿಷ್ಯ ಚನ್ನವೀರಯ್ಯನದು. ಇವನು ನಿವೃತ್ತ ಕನ್ನಡ ಸಾಲಿ ಮಾಸ್ತರ. ಸಾವಿರ ವಚನ ಬಾಯಿಪಾಠ. ಆರು ವರ್ಷದಿಂದ ಈ ಸೇವೆ ಮಾಡುತ್ತಿದ್ದ, ಅದೇ ಅವನ ಉಸಿರು.

"ಬರದಿಟ್ಟುಕೊಳ್ರಿ ಮಾಸ್ತರ," ಅಂತ ಯಾರಾದರೂ ಅಂದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು.

"ಬರದಿಡೋದು ಮರೆಯೋ ಮಂದಿ ಕೆಲಸ," ಅನ್ನುತ್ತಿದ್ದ.

ಆ ಮಠದ್ದೊಂದು ಪದ್ಧತಿ. ಭಕ್ತರು ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಬಿಸಾಡುವಂತಿಲ್ಲ. ಮೊದಲು ಜೋಳ, ಬೆಲ್ಲ, ಕುಂಬಳಕಾಯಿ ಬರುತ್ತಿದ್ದವು. ಅಜ್ಜನಿಗೆ ಹುಷಾರಿಲ್ಲ ಎಂಬ ಸುದ್ದಿ ಹಬ್ಬಿದ ಮೇಲೆ ಗುಳಿಗೆಗಳೂ ಬರತೊಡಗಿದವು.

"ನಮ್ಮ ಮಾವನ ಮೊಣಕಾಲ ನೋವು ಇದರಿಂದನ ಹೋತ್ರಿ. ಉಳದಾವು, ಅಜ್ಜಾರಿಗೆ ಇರಲಿ."

"ನಮ್ಮತ್ತಿ ತೀರಿಕೊಂಡ್ರರಿ. ಎಂಟು ಗುಳಿಗಿ ಹಂಗ ಉಳದಾವು. ಚಲೋ ಗುಳಿಗಿ ಅದಾವ್ರಿ."

ಅತ್ತೆ ಹೋಗಿದ್ದಾರೆ, ಗುಳಿಗೆ ಚಲೋ ಅಂತೆ! ಚನ್ನವೀರಯ್ಯ ಅದನ್ನೂ ಕಣ್ಣಿಗೊತ್ತಿಕೊಂಡು ತಗೊಂಡ. ಇಂಥವನ್ನೆಲ್ಲ ಹೆಸರು ಅಚ್ಚಾದ ಹಾಳೆಯಿಂದ ಬಿಡಿಸಿ ಒಂದೇ ಬಿಸ್ಕೀಟು ಡಬ್ಬಿಗೆ ಸುರಿದಿಟ್ಟಿದ್ದ. ಅಜ್ಜನಿಗೆ ಎಲ್ಲಾದರೂ ನೋವು ಅಂದರೆ ಅದರಿಂದಲೇ ಒಂದು ಆರಿಸಿ ಕೊಡುತ್ತಿದ್ದ. ಬಿಪಿ ಗುಳಿಗೆ ಮಾತ್ರ ಜುಬ್ಬದ ಕಿಸೆಯಲ್ಲಿ ಬೇರೆ ಇಟ್ಟಿದ್ದ.

ಒಮ್ಮೆ ಶಹರದ ಡಾಕ್ಟರೊಬ್ಬರು ದರ್ಶನಕ್ಕೆ ಬಂದರು. ಅಜ್ಜನ ಬಿಪಿ ನೋಡಿ ಹೊಸ ಗುಳಿಗೆ ಬರೆದುಕೊಟ್ಟರು.

"ಹಳೇದನ್ನ ಬಿಟ್ಟು ಇದನ್ನ ಕೊಡ್ರಿ," ಅಂತ ಸ್ಪಷ್ಟವಾಗಿ ಹೇಳಿಹೋದರು.

ಚನ್ನವೀರಯ್ಯನಿಗೆ ಪೇಚಾಟ. ಹಳೆಯ ಗುಳಿಗೆ ಬರೆದವರು ತಾಲ್ಲೂಕಿನ ಡಾಕ್ಟರು. ಅವರೂ ಭಕ್ತರೇ.

"ಒಬ್ಬರ ಭಕ್ತಿ ತಗೊಂಡು ಇನ್ನೊಬ್ಬರದು ಬಿಸಾಡಾಕ ಬರ್ತೈತೇನು?" ಅಂತ ತನಗೆ ತಾನೇ ಕೇಳಿಕೊಂಡ. ಮರುದಿನ ಮುಂಜಾನೆಯಿಂದ ಎರಡನ್ನೂ ಕೊಟ್ಟ. ಅಜ್ಜ ಎಂದಿನಂತೆ ಕೈ ಚಾಚಿ, ಕೇಳದೆ ನುಂಗಿದರು.

ಸೋಮವಾರದ ಪ್ರವಚನಕ್ಕೆ ನಲವತ್ತು ಮಂದಿ ಕೂಡಿದ್ದರು. ಅಜ್ಜ "ನಾನು ಅನ್ನೋದು..." ಅಂದರು, ಮಾತು ಅಲ್ಲಿಗೇ ನಿಂತಿತು. ಕಣ್ಣು ಮುಚ್ಚಿತು. ತಲೆ ಎದೆಗೆ ಬಾಗಿತು.

"ಸಮಾಧಿ ಹತ್ತಿತು!" ಅಂದ ಮುಂದೆ ಕೂತವನೊಬ್ಬ.

ಮುಗೀತು. ಯಾರೋ ಶಂಖ ಊದಿದರು, ಯಾರೋ ಕರ್ಪೂರ ಹಚ್ಚಿದರು, ಇಬ್ಬರು ಕಾಯಿ ಒಡೆದೇಬಿಟ್ಟರು. ಚನ್ನವೀರಯ್ಯ ಆನಂದದಿಂದ ಗಳಗಳ ಅತ್ತ.

ಹಿಂದೆ ಹೆಂಗಸರ ಸಾಲಿನಲ್ಲಿ ಶಕುಂತಲಕ್ಕ ಕೂತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಔಷಧ ಅಂಗಡಿ ಇಟ್ಟವಳು. ಅಜ್ಜನ ಹಣೆಯ ಬೆವರು ನೋಡಿದವಳೇ ಮಂದಿಯನ್ನು ತಳ್ಳಿಕೊಂಡು ಮುಂದೆ ಬಂದಳು.

"ಸರೀರಿ! ಎಲ್ಲಿ ಸಮಾಧಿ? ತಲಿ ತಿರುಗಿ ಬಿದ್ದಾರ! ಗಾಳಿ ಬಿಡ್ರಿ!"

ಅಜ್ಜನನ್ನು ಅಂಗಾತ ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟಳು. ಆಂಬುಲೆನ್ಸಿಗೆ ಫೋನು ಹಚ್ಚಿಸಿದಳು. ಆಮೇಲೆ ಚನ್ನವೀರಯ್ಯನ ಕಡೆ ತಿರುಗಿದಳು.

"ಮಾಸ್ತರ, ಮುಂಜಾನಿ ಏನ್ ಕೊಟ್ರಿ?"

"ಬಿಳೀದೊಂದು. ಅದಕ್ಕಿಂತ ಸ್ವಲ್ಪ ಬಿಳೀದು ಇನ್ನೊಂದು."

"ಹೆಸರ?"

"ತಂಗಿ, ಹೆಸರು, ರೂಪ ಎಲ್ಲಾ ಮಾಯೆ..."

"ನಿಮ್ಮ ಮಾಯೆಗಿಷ್ಟು ಬೆಂಕಿ ಹಚ್ಚಲಿ! ಡಬ್ಬಿ ಒಳಗಿಂದು ಏನರ ಕೊಟ್ಟೀರೇನು?"

ಚನ್ನವೀರಯ್ಯ ಬಾಯಿ ತೆರೆದ. ಸಾವಿರ ವಚನ ತುದಿ ನಾಲಿಗೆಗೆ ಬಂದವು. ಮುಂಜಾನೆಯ ಗುಳಿಗೆ ಬರಲಿಲ್ಲ. ನಿನ್ನೆ ಮೊಣಕಾಲಿಗೆ ಕೊಟ್ಟದ್ದೋ, ಇವತ್ತೋ? ಕೊಟ್ಟನೋ, ಕೊಡಬೇಕು ಅಂದುಕೊಂಡನೋ?

"ನೆನಪಾಗವಲ್ದು ತಂಗಿ," ಅಂದ. ಈ ಸಲ ಹೆದರಿ ಅತ್ತ. ಅಜ್ಜ ಹೋದರೆ ತನ್ನ ಕೈಯಿಂದಲೇ ಹೋದಂತೆ ಎಂದು ಆಗ ತಿಳಿಯಿತು.

ಶಕುಂತಲಕ್ಕ ಅವನ ಕಿಸೆಗೆ ತಾನೇ ಕೈ ಹಾಕಿ ಎರಡು ಗುಳಿಗೆ ಹಾಳೆ ತೆಗೆದು ಓದಿದಳು.

"ದೊಡ್ಡ ಅಕ್ಷರದಾಗ ಕಂಪನಿ ಇಟ್ಟ ಹೆಸರು ಬ್ಯಾರೆ ಬ್ಯಾರೆ. ಕೆಳಗ ಸಣ್ಣ ಅಕ್ಷರ ನೋಡ್ರಿ. ಎರಡೂ ಒಂದ ಔಷಧ. ಅಜ್ಜಗ ದಿನಾ ಎರಡು ಪಟ್ಟು ಬಿದ್ದೈತಿ!"

ಹಾಳೆಗಳನ್ನೂ ಡಬ್ಬಿಯನ್ನೂ ಹಿಡಿದುಕೊಂಡು ಆಂಬುಲೆನ್ಸು ಹತ್ತಿದಳು. ದವಾಖಾನೆಯಲ್ಲಿ ಅಜ್ಜ ಎರಡು ದಿನ ಇದ್ದರು. ಮೂರನೆಯ ದಿನ ಬಡವಾಗಿ, ನಗುತ್ತ ಬಂದರು.

ಅಷ್ಟರಲ್ಲಿ ಊರ ಹಿರಿಯರು ತೀರ್ಮಾನ ಮಾಡಿಯಾಗಿತ್ತು. ಗುಳಿಗೆಯ ಸೇವೆ ಇನ್ನು ಬೇರೆಯವರಿಗೆ.

ಚನ್ನವೀರಯ್ಯ ಅಡ್ಡಬಿದ್ದ.

"ಅಜ್ಜಾರ, ಇಪ್ಪತ್ತೊಂದು ದಿನ ಉಪವಾಸ ಮಾಡ್ತೀನಿ. ಸೇವಾ ಮಾತ್ರ ಕಸಗೋಬ್ಯಾಡ್ರಿ."

"ಉಪವಾಸ ಮಾಡಿದ್ರ ನಿನಗೂ ತಲಿ ತಿರಗತೈತಿ. ಮಂದಿ ಮತ್ತ ಕಾಯಿ ಒಡೀತಾರ. ಶಕುಂತಲಾನ ಅಂಗಡ್ಯಾಗ ಎಂಟು ದಿನ ಕುಂದರು, ಹೋಗು."

"ಕುಂತು ಏನ್ ಮಾಡ್ಲಿ?"

"ಕೇಳಿಸ್ಕೋ."

ಮೊದಲ ದಿನ ಅವನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಅಕ್ಕಾರ, ಹೋದ ಸಲದ್ದು ಕೊಡ್ರಿ."

"ಯಾವುದು?"

"ಅದ, ದುಂಡಗಿಂದು."

ಇನ್ನೊಬ್ಬಳು ಬಂದಳು. "ನಮ್ಮನಿಯವರಿಗೆ ಬರದಾರ. ನಾನೂ ಅರ್ಧ ತಗೋತೀನ್ರಿ. ಒಂದ ಮನಿಯವರು, ಅದರಾಗೇನು ಭೇದ?"

ಮುದುಕರೊಬ್ಬರು ಬಂದರು. "ಮುಂಜಾನಿ ತಗೊಂಡ್ನೋ ಇಲ್ಲೋ ನೆನಪಾಗಲಿಲ್ಲ ಯವ್ವಾ. ಇರಲಿ ಅಂತ ಇನ್ನೊಂದು ನುಂಗಿದೆ."

ಎರಡನೆಯ ದಿನ ಚನ್ನವೀರಯ್ಯನ ನಗು ಸಣ್ಣದಾಯಿತು. ಮೂರನೆಯ ದಿನ ನಗಲೇ ಇಲ್ಲ. ಕೌಂಟರಿನ ಆಚೆ ನಿಂತವರೆಲ್ಲ ತಾನೇ ಎಂದು ಅವನಿಗೆ ಅನ್ನಿಸತೊಡಗಿತು.

ಶಕುಂತಲಕ್ಕ ಎಲ್ಲರಿಗೂ ಅದದೇ ಕೇಳುತ್ತಿದ್ದಳು. ಚೀಟಿ ಎಲ್ಲಿ? ಇದು ಯಾತಕ್ಕ? ಮತ್ತೇನೇನು ತಗೋತೀರಿ?

"ನೀ ಅಂಗಡಿಯಾಕಿಯೋ, ಪೊಲೀಸೋ?" ಅಂತ ಒಬ್ಬ ಜಗಳಕ್ಕೇ ಬಂದ.

"ಬೈರಿ, ಅಡ್ಡಿ ಇಲ್ಲ. ಮತ್ತೇನೇನು ತಗೋತೀರಿ, ಅದನ್ನ ಹೇಳ್ರಿ," ಅಂದಳು.

"ಅಷ್ಟು ಸಿಟ್ಟಿಗೆದ್ದರೂ ಯಾಕ ಕೇಳ್ತಿ ತಂಗಿ?" ಅಂದ ಚನ್ನವೀರಯ್ಯ, ಅವನು ಹೋದ ಮೇಲೆ.

"ಸಿಟ್ಟು ಸಂಜೀಕ ಇಳೀತೈತ್ರಿ ಮಾಸ್ತರ. ತಪ್ಪು ಗುಳಿಗಿ ಏಟು ಇಳಿಯೂದಿಲ್ಲ."

ಎಂಟನೆಯ ದಿನ ಅವನು ಒಂದು ನೋಟುಬುಕ್ಕು ಕೊಂಡ. ಗುಳಿಗೆಯ ದೊಡ್ಡ ಹೆಸರು, ಸಣ್ಣ ಅಕ್ಷರದ ಹೆಸರು, ಯಾತಕ್ಕೆ, ಯಾವ ಹೊತ್ತಿಗೆ, ಬರೆದವರು ಯಾರು ಎಲ್ಲ ಬರೆದ. ಕೊಟ್ಟ ಕೂಡಲೇ ಗುರುತು ಹಾಕಲು ಗೆರೆ ಎಳೆದ. ದವಾಖಾನೆಯವರು ಬರೆದುಕೊಟ್ಟದ್ದು ಮೂರೇ ಗುಳಿಗೆ. ಬಿಸ್ಕೀಟು ಡಬ್ಬಿಯ ಗುಳಿಗೆಗಳನ್ನು ನಾಶ ಮಾಡಲು ಶಕುಂತಲಕ್ಕನಿಗೇ ಬಿಟ್ಟು, ಮಠಕ್ಕೆ ಬಂದ.

ಹಿರಿಯರು ಕೂತಿದ್ದರು.

"ಅಜ್ಜಾರ, ಬ್ಯಾರೆಯವರನ್ನ ನೋಡೇವ್ರಿ," ಅಂದರು ಒಬ್ಬರು.

ಚನ್ನವೀರಯ್ಯ ತಲೆ ತಗ್ಗಿಸಿ ನಿಂತ. ಕಣ್ಣು ತುಂಬಿತ್ತು.

ಅಜ್ಜ ಅವನ ಕಡೆಗೆ ಬಲಗೈ ಚಾಚಿದರು. ಅವನು ಗುಳಿಗೆ ಇಟ್ಟ. ಆದರೆ ಅಜ್ಜ ನುಂಗಲಿಲ್ಲ.

"ಇದು ಯಾವುದು?"

ಅವನು ಕಣ್ಣು ಮುಚ್ಚಿ, ವಚನ ಒಪ್ಪಿಸಿದ ಹಾಗೆ ಶುರು ಮಾಡಿದ.

"ಬಾಯಿಪಾಠ ಬ್ಯಾಡ. ಪುಸ್ತಕ ತೆಗಿ."

ತೆಗೆದು ಓದಿದ.

"ಯಾತಕ್ಕ?"

"ಬಿಪಿಗ್ರಿ."

"ಇವತ್ತ ಒಮ್ಮೆ ಕೊಟ್ಟಿಯೇನು?"

"ಇಲ್ರಿ. ಗುರುತು ಬಿದ್ದಿಲ್ಲ."

ಅಜ್ಜ ನುಂಗಿ ನೀರು ಕುಡಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ಎದ್ದುಹೋದರು.

ಮರುದಿನವೂ ಅದೇ ಮೂರು ಪ್ರಶ್ನೆ. ಅದರ ಮರುದಿನವೂ. ನಾಲ್ಕನೆಯ ದಿನ ಚನ್ನವೀರಯ್ಯನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಆರು ವರ್ಷ ನಾ ಕೊಟ್ಟದ್ದನ್ನ ಕೇಳದನ ನುಂಗಿದ್ರಿ. ಈಗ ದಿನಾ ಕೇಳ್ತೀರಿ. ನನ್ನ ಮ್ಯಾಲಿನ ನಂಬಿಕಿ ಹೋತೇನ್ರಿ?"

ಅಜ್ಜ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

"ನಂಬಿಕಿ ಇಲ್ಲದವನ ಮುಂದ ಕೈ ಚಾಚತೀನೇನೋ, ಹುಚ್ಚಾ? ಪುಸ್ತಕ ತೆಗಿ."