ಹೋದವರ ಹೆಸರಿಗೆ ಓಗೊಡುವುದು

ಹೊಳೆಯ ದಡದಲ್ಲಿ ಒಂದು ಮನೆ. ಸುತ್ತಲ ಊರುಗಳ ಇಂಟರ್‌ನೆಟ್ ತಂತಿಗಳೆಲ್ಲ ಅಲ್ಲಿ ಬಂದು ಕೂಡುತ್ತಿದ್ದವು. ನೋಡಿಕೊಳ್ಳಲು ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯನ ಹೆಸರು ಸಂಗಣ್ಣ.

ಆ ತಂತಿಗಳ ತುದಿಯ ಯಂತ್ರಗಳದ್ದು ಒಂದು ಪದ್ಧತಿ. ಒಂದಕ್ಕೆ ಇನ್ನೊಂದು ಬೇಕಾದರೆ ಎಲ್ಲಕ್ಕೂ ಕೇಳುವಂತೆ ಕೂಗಬೇಕು: ‘ಇಂಥವರು ಎಲ್ಲಿ?’ ಇದ್ದವರು ಓಗೊಡುತ್ತಾರೆ. ಆಮೇಲೆ ಅವರಿಬ್ಬರದೇ ಮಾತು.

ಒಂದು ಸಲ ಹೊಳೆ ತುಂಬಿ ಬಂತು. ಆಚೆ ದಡದ ಆಸ್ಪತ್ರೆ ಕೊಚ್ಚಿಹೋಯಿತು. ಸಂಗಣ್ಣನ ಹೆಂಡತಿ ನೀಲವ್ವ ಅಲ್ಲಿ ನರ್ಸು. ಹೆಣ ಸಿಗಲಿಲ್ಲ.

ಯಂತ್ರಗಳು ಆಸ್ಪತ್ರೆಯನ್ನು ಕೂಗುತ್ತಲೇ ಇದ್ದವು. ಓಗೊಡುವವರಿಲ್ಲ. ಅದಕ್ಕೇ ಮತ್ತೆ ಕೂಗು. ಕೇಳಿ ಕೇಳಿ ಸಣ್ಣ ಯಂತ್ರಗಳು ದಣಿದು ನಿಂತವು. ಆಗ ಉಳಿದವು ಅವುಗಳ ಹೆಸರನ್ನೂ ಕೂಗತೊಡಗಿದವು.

ಗುರು ಹೇಳಿದ: ‘ಆಸ್ಪತ್ರೆಯ ಹೆಸರಿಗೆ ನಾವು ಓಗೊಡಬೇಕು. ಬಂದ ಮಾತನ್ನು ಇಲ್ಲೇ ಇಂಗಿಸಬೇಕು. ನೀನೇ ಮಾಡು.’

‘ಆಗಲಿ’ ಅಂದ ಸಂಗಣ್ಣ. ಮಾಡಲಿಲ್ಲ. ಕೈ ಬರಲಿಲ್ಲ. ಅದರ ಬದಲು ಕೂಗನ್ನೆಲ್ಲ ಒಟ್ಟಿಗೆ ತಡೆದುಬಿಟ್ಟ.

ಸದ್ದಡಗಿತು. ನಿಂತ ಯಂತ್ರಗಳು ಎದ್ದವು. ಕೂಗೇ ಇಲ್ಲದ್ದರಿಂದ ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಕೆಳಗಿನ ಕೇರಿಯವನೊಬ್ಬ ಈಜಿ ಬಂದ.

‘ದೋಣಿ ಆಫೀಸಿಗೆ ಸುದ್ದಿ ಹೋಗವಲ್ದು ರೀ! ಒಂದು ಮನಿ ಬಿದ್ದೇ ಹೋತು, ಮಂದಿ ಒಳಗಿದ್ರು. ಉಳಿದವರು ಮಾಳಿಗಿ ಮ್ಯಾಲ ನಿಂತಾರ.’

ಗುರು ತಿರುಗಿ ನೋಡಿದ. ‘ಏನು ಮಾಡಿದೆಯೋ?’

‘ಕೂಗೇ ಬೇಡ ಅಂತ ತಡೆದೆ.’

‘ಭಾಳ ಶಾಣ್ಯಾ. ಬದುಕಿದವರ ಬಾಯಿಗೂ ಬಟ್ಟೆ ತುರುಕಿದೆ.’

ಸಂಗಣ್ಣ ತಡೆ ಬಿಚ್ಚಿದ. ಕೂಗು ನುಗ್ಗಿ ಬಂತು. ಪರದೆಯ ತುಂಬ ಆಸ್ಪತ್ರೆಯ ಹೆಸರು.

‘ಓಗೊಡು.’

‘ನಾನು ಓಗೊಟ್ಟರೆ ಆಮೇಲೆ ಯಾರೂ ಅದನ್ನು ಕರೆಯೋದಿಲ್ಲ, ಗುರುಗಳೇ.’

‘ಹೌದು.’

‘ಕರೆಯುತ್ತಿದ್ದರೆ ಇನ್ನೂ ಇದ್ದ ಹಾಗೆ ಅನಿಸುತ್ತದೆ.’

‘ನಿನಗೆ ಅನಿಸುತ್ತದೆ. ಮಾಳಿಗೆ ಮೇಲಿನವರಿಗೆ?’

ಸಂಗಣ್ಣ ಮುಖ ಒರೆಸಿಕೊಂಡ. ‘ಇಲ್ಲದವರ ಹೆಸರಲ್ಲಿ ಇದ್ದೇನೆ ಅನ್ನೋದು ಸುಳ್ಳಲ್ಲವೇ?’

‘ಸುಳ್ಳೇ.’

‘ಅವರೇ ಬಂದು ಓಗೊಟ್ಟರೆ?’

‘ಆ ಗಳಿಗೆಯೇ ನಾವು ಸುಮ್ಮನಾಗುತ್ತೇವೆ. ಈಗ ಒತ್ತು.’

ಒತ್ತಿದ.

ಆಸ್ಪತ್ರೆಯನ್ನು ಕರೆಯುವ ಕೂಗು ಒಂದೊಂದೇ ನಿಂತಿತು. ಬಿಡುವಾದ ಜಾಗದಲ್ಲಿ ಕೇರಿಯ ಕೂಗು ಬಂತು. ದೋಣಿ ಆಫೀಸು ಓಗೊಟ್ಟಿತು. ದೋಣಿ ಹೊರಟಿತು. ಬಿದ್ದ ಮನೆಯವರಿಗೆ ಅದು ತಡವಾಗಿತ್ತು.

ಪರದೆಯಲ್ಲಿ ಆಸ್ಪತ್ರೆಯ ಹೆಸರಿರಲಿಲ್ಲ. ಸಂಗಣ್ಣ ಅಂದ:

‘ಈಗ ಯಾರೂ ಕರೆಯುತ್ತಿಲ್ಲ. ನಾನಾದರೂ ಕರೆಯಲೇ?’

ಗುರು ಬಾಗಿಲು ತೆರೆದ.

‘ಹೊರಗೆ ಹೋಗಿ ಹೊಳೆಗೆ ಕೂಗು. ಇಲ್ಲಿ ಬದುಕಿದವರು ಮಾತಾಡುತ್ತಿದ್ದಾರೆ.’