ಅಂಚಿನ ದಾರ

ಬೆಟ್ಟದ ನೆತ್ತಿಯಲ್ಲಿ ಹುಡುಗಿಯೊಬ್ಬಳು ಹಾರಲೆಂದು ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆಯನ್ನು ಹುಲ್ಲಿನ ಮೇಲೆ ಹರವಿದ್ದಳು. ಮಳೆಗಾಲವೆಲ್ಲ ಚೀಲದೊಳಗೆ ಮುದುಡಿದ್ದ ಅದಕ್ಕೆ ಹಾರುವ ಆತುರ. ಆಗ ರೆಕ್ಕೆಯನ್ನು ಎಳೆದು ಹಿಡಿಯುವ ದಾರಗಳಲ್ಲಿ ಅಂಚಿನ ಸಣ್ಣ ದಾರ ಅಳುಕುತ್ತ ಹೇಳಿತು: “ಅಕ್ಕಾ, ನಾನು ಮುಳ್ಳುಗಿಡಕ್ಕೆ ಸಿಕ್ಕಿಕೊಂಡಿದ್ದೇನೆ.”

“ಇಷ್ಟು ದಾರಗಳಿವೆ, ನಿನ್ನೊಬ್ಬನದೇ ರಗಳೆ! ಒಳ್ಳೆಯ ಗಾಳಿ ಬಂತು, ಕಿತ್ತುಕೊಂಡು ಬಾ” ಎಂದು ರೆಕ್ಕೆ ಗದರಿತು.

ದಾರಕ್ಕೆ ನಾಚಿಕೆಯಾಯಿತು. ಆದರೆ ತಾನು ಹರಿದರೆ ರೆಕ್ಕೆ ಮಡಚಿಕೊಳ್ಳುತ್ತದೆ, ಹಾರುವ ಹುಡುಗಿ ಪ್ರಪಾತಕ್ಕೆ ಬೀಳುತ್ತಾಳೆ. “ಬೈದರೂ ಸರಿ, ಬರುವುದಿಲ್ಲ” ಎಂದು ಅದು ಗಿಡವನ್ನೇ ಅಪ್ಪಿಕೊಂಡಿತು.

ಎದ್ದ ರೆಕ್ಕೆ ಒಂದು ಬದಿಗೆ ವಾಲಿ, ಎಲ್ಲರೆದುರು ಮುದುಡಿ ನೆಲಕ್ಕೆ ಬಿತ್ತು. ಹುಡುಗಿ ತಿರುಗಿ ಬಂದು ದಾರವನ್ನು ಬಿಡಿಸಿದಳು. ಪ್ರಪಾತದ ಕಡೆ ಒಮ್ಮೆ ನೋಡಿ, ಅದು ಎಲ್ಲಾದರೂ ಹರಿದಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದಳು. ಅದನ್ನು ಕಂಡ ರೆಕ್ಕೆ ಬಾಯಿಗೆ ಬಂದ ಬೈಗುಳವನ್ನು ನುಂಗಿತು.

ಮತ್ತೆ ಗಾಳಿ ಬಂತು. “ತಮ್ಮಾ, ಈಗ ಏಳಲೇ?” ಎಂದು ಕೇಳಿದ ರೆಕ್ಕೆ, ಉತ್ತರ ಬರುವವರೆಗೆ ಹುಲ್ಲಿನಿಂದ ಕದಲಲಿಲ್ಲ.